ಹತ್ತು ಸೆಕೆಂಡಿನ ಕಾರಿನ ಸಾಲ

ಇವತ್ತಿನ ಮಾತು ಒಂದು ಸಾಲದಿಂದ ಶುರುವಾಗುತ್ತದೆ. 2001ರಲ್ಲಿ ಬಂದ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ಸಿನಿಮಾವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಅದರಲ್ಲಿ ನಾಯಕ ತನ್ನ ಹಸಿರು ಮಿತ್ಸುಬಿಶಿ ಎಕ್ಲಿಪ್ಸ್ ಕಾರನ್ನೇ ಪಣಕ್ಕಿಟ್ಟು ಸೋಲುತ್ತಾನೆ. ಗೆದ್ದವನ ಕೈಗೆ ಕೊಡುವ ಮೊದಲೇ ಆ ಕಾರು ಗುಂಡೇಟು ತಿಂದು ಸುಟ್ಟುಹೋಗುತ್ತದೆ. ಹಾಗಾಗಿ ಅವನ ಮೇಲೆ ಒಂದು ಸಾಲ ಉಳಿಯುತ್ತದೆ: ಹತ್ತು ಸೆಕೆಂಡಿನ ಒಂದು ಕಾರು. ಗುಜರಿಯಿಂದ ತಂದ ಟೊಯೋಟಾ ಸುಪ್ರಾವನ್ನು ರಿಪೇರಿ ಮಾಡಿ ಕೊನೆಗೆ ಆ ಸಾಲ ತೀರಿಸುತ್ತಾನೆ.

ಹತ್ತು ಸೆಕೆಂಡು ಅಂದರೆ ಏನು? ನಿಂತ ಜಾಗದಿಂದ ಹೊರಟು ಕಾಲು ಮೈಲಿ, ಅಂದರೆ 1320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್, ಮುಟ್ಟಲು ಹಿಡಿಯುವ ಸಮಯ. 10.00ರಿಂದ 10.99ರವರೆಗೆ ಎಷ್ಟೇ ಬಂದರೂ ಅದು ‘ಹತ್ತು ಸೆಕೆಂಡಿನ ಕಾರು’. ಸಿನಿಮಾ ನೋಡುವವರಿಗೆ ಇದು ಒಂದು ಜಂಬದ ಮಾತು, ಅಷ್ಟೆ. ಆದರೆ ಮನೆಯ ಮುಂದೆ ನಿಂತ ಒಂದು ಟರ್ಬೋ ಕಾರನ್ನು ಆ ಅಂಕಿಗೆ ಇಳಿಸುವುದು ಎಷ್ಟು ಕಷ್ಟ, ಅದನ್ನು ಮೊದಲು ಮಾಡಿದವರು ಯಾರು ಅಂತ ನೋಡಿದರೆ, ಸಿನಿಮಾ ಹೇಳದೇ ಬಿಟ್ಟ ಒಂದು ಚರಿತ್ರೆ ಸಿಗುತ್ತದೆ. ಅದರಲ್ಲಿ ನಿಮ್ಮಂಥ ಎರಡನೇ ತಲೆಮಾರಿನ ಹುಡುಗ ಹುಡುಗಿಯರೇ ತುಂಬಿದ್ದಾರೆ.

ಮೊದಲು ಈ ಕಾಲು ಮೈಲಿ ಎಲ್ಲಿಂದ ಬಂತು ಅಂತ ನೋಡೋಣ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಗಾಡಿಗಳ ಮೈ ಬಿಚ್ಚಿ ಹಗುರ ಮಾಡಿ, ಮ್ಯೂರಾಕ್ ಎಂಬ ಒಣಗಿದ ಕೆರೆಯ ಅಂಗಳದಲ್ಲಿ ಓಡಿಸುತ್ತಿದ್ದರು. ಆ ಕೆರೆಯನ್ನು ಸೇನೆ ತೆಗೆದುಕೊಂಡಿತು. ಇವತ್ತು ಅದು ಎಡ್ವರ್ಡ್ಸ್ ವಾಯುನೆಲೆ. ಯುದ್ಧ ಮುಗಿದ ಮೇಲೆ ಊರಿನ ಬೀದಿಗಳಲ್ಲೇ ಪಂದ್ಯ ಹೆಚ್ಚಿದವು, ಸಾವುಗಳೂ ಆದವು. ಪತ್ರಿಕೆಗಳು ಈ ಹುಡುಗರನ್ನು ಪುಂಡರು ಅಂತಲೇ ಬರೆದವು. 1950ರಲ್ಲಿ ಸಾಂಟಾ ಆನಾದ ವಿಮಾನ ನಿಲ್ದಾಣದ ಒಂದು ಪಟ್ಟಿಯಲ್ಲಿ ಸಿ. ಜೆ. ಹಾರ್ಟ್ ಎನ್ನುವವರು ಟಿಕೆಟ್ ಇಟ್ಟು ಓಟ ಶುರು ಮಾಡಿದರು. ನೀವು ಆರೆಂಜ್ ಕೌಂಟಿಗೆ ವಿಮಾನದಲ್ಲಿ ಹೋಗಿದ್ದರೆ ಅಲ್ಲೇ ಇಳಿದಿದ್ದೀರಿ. ಈಗ ಅದಕ್ಕೆ ಜಾನ್ ವೇಯ್ನ್ ಹೆಸರಿದೆ. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿದರು. 1953ರಲ್ಲಿ ಪೊಮೋನಾದ ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ, ಊರಿನ ಪೊಲೀಸರ ನೆರವಿನಿಂದಲೇ, ಅದರ ಮೊದಲ ಅಧಿಕೃತ ಓಟ ನಡೆಯಿತು. ಬೀದಿಯ ಹುಡುಗರಿಗೆ ಒಂದು ಜಾಗ, ಒಂದು ಗಡಿಯಾರ, ಒಂದಿಷ್ಟು ನಿಯಮ. ಹಳೆಯ ವಿಮಾನ ಪಟ್ಟಿಗಳು ಓಟದ ಕಣವಾದದ್ದು ಅಮೆರಿಕದಲ್ಲಿ ಮಾತ್ರ ಅಲ್ಲ. ಮದ್ರಾಸಿನ ಹತ್ತಿರದ ಶೋಲಾವರಂನಲ್ಲೂ ಯುದ್ಧಕಾಲದ ಪಟ್ಟಿಯೇ ರೇಸಿನ ಅಂಗಳವಾಯಿತು. ಬೆಂಗಳೂರಿನ ರೇಸಿನ ಹುಚ್ಚಿನವರೂ ಅಲ್ಲಿಗೇ ಹೋಗುತ್ತಿದ್ದರು.

ಆ ಕಾಲದ ಮಂತ್ರ ಸರಳ: ದೊಡ್ಡ ಎಂಜಿನ್, ದೊಡ್ಡ ಶಕ್ತಿ. ಎಂಟು ಸಿಲಿಂಡರಿನ ವಿ8 ಇಲ್ಲದಿದ್ದರೆ ಕಾಲು ಮೈಲಿಯಲ್ಲಿ ಮರ್ಯಾದೆ ಇಲ್ಲ. ಈ ಮಂತ್ರವನ್ನು ಅಲ್ಲಾಡಿಸಿದ್ದು ಟರ್ಬೋ.

ಟರ್ಬೋದ ಕಲ್ಪನೆ ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಜಿನ್ ಉಗುಳುವ ಬಿಸಿ ಹೊಗೆ ಸುಮ್ಮನೆ ಸೈಲೆನ್ಸರಿನಲ್ಲಿ ಹೋಗುತ್ತದಲ್ಲ, ಅದರ ದಾರಿಯಲ್ಲಿ ಒಂದು ಚಕ್ರ ಇಡಿ. ಹೊಗೆ ಅದನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತ ಹೆಚ್ಚು. ನಮ್ಮ ಸುತ್ತಲಿನ ವಾತಾವರಣದ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡ್. ಅದರ ಮೇಲೆ ಇನ್ನೂ 14.7 ಪೌಂಡ್ ಒತ್ತಿದರೆ, ಗಾಳಿಯನ್ನು ತಣ್ಣಗೆ ಇಟ್ಟುಕೊಂಡರೆ, ಎರಡು ಲೀಟರಿನ ಪುಟ್ಟ ಎಂಜಿನ್ ನಾಲ್ಕು ಲೀಟರಿನಷ್ಟು ಗಾಳಿ ಕುಡಿಯುತ್ತದೆ.

ತಣ್ಣಗೆ ಇಟ್ಟುಕೊಂಡರೆ ಅಂದೆ. ತಕರಾರು ಇರುವುದು ಅಲ್ಲೇ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಕೈಯಲ್ಲಿ ಮುಟ್ಟಿ ನೋಡಿರುತ್ತೀರಿ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿಯಲ್ಲಿ ಪೆಟ್ರೋಲ್ ಸರಿಯಾದ ಗಳಿಗೆಗೆ ಕಾಯದೆ ತಾನಾಗಿಯೇ ಸಿಡಿಯುತ್ತದೆ. ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪಿಸ್ಟನ್ ಒಡೆಯುತ್ತದೆ. 1962ರಲ್ಲಿ ಜನರಲ್ ಮೋಟರ್ಸ್ ಮಾರಿದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಅಂಗಡಿಯಲ್ಲಿ ಸಿಕ್ಕ ಮೊದಲ ಟರ್ಬೋ ಕಾರುಗಳಲ್ಲಿ ಒಂದು. ನಾಕಿಂಗ್ ತಡೆಯಲು ಅದರಲ್ಲಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಸಿಂಪಡಿಸುವ ವ್ಯವಸ್ಥೆ ಇತ್ತು. ದ್ರವ ಮುಗಿದಾಗ ಮಾಲೀಕ ತುಂಬಿಸಬೇಕು. ಬಹಳ ಜನ ತುಂಬಿಸಲಿಲ್ಲ. ಎಷ್ಟೋ ಗಾಡಿಗಳ ಟರ್ಬೋವನ್ನು ಡೀಲರುಗಳೇ ಬಿಚ್ಚಿ ಪಕ್ಕಕ್ಕಿಟ್ಟರು. ಎರಡೇ ವರ್ಷದಲ್ಲಿ ಆ ಕಾರು ನಿಂತಿತು. ತಂತ್ರಜ್ಞಾನ ಸರಿಯಿದ್ದು, ನೋಡಿಕೊಳ್ಳುವ ಕೈ ಇಲ್ಲದೆ ಸೋತ ಕಾರು ಅದು.

ಇಪ್ಪತ್ತು ವರ್ಷಗಳ ನಂತರ ಆ ನೋಡಿಕೊಳ್ಳುವ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು. ಬ್ಯೂಯಿಕ್ ಗ್ರ್ಯಾಂಡ್ ನ್ಯಾಷನಲ್ ಎಂಬ ಕಪ್ಪು ಕಾರಿಗೆ 1984ರಲ್ಲಿ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ, 1986ರಲ್ಲಿ ಗಾಳಿ ತಣಿಸುವ ಇಂಟರ್‌ಕೂಲರ್ ಬಂದವು. 1987ರಲ್ಲಿ ಅದರ ಆರು ಸಿಲಿಂಡರಿನ 3.8 ಲೀಟರ್ ಎಂಜಿನ್ನಿಗೆ 245 ಅಶ್ವಶಕ್ತಿ. ಅದೇ ವರ್ಷದ ವಿ8 ಕಾರ್ವೆಟ್‌ಗೆ 240. ಅಜ್ಜಿ ಓಡಿಸುವ ಕಾರು ಅಂತ ಹೆಸರಾಗಿದ್ದ ಬ್ಯೂಯಿಕ್, ಅಮೆರಿಕದ ಹೆಮ್ಮೆಯ ಸ್ಪೋರ್ಟ್ಸ್ ಕಾರನ್ನು ಹಿಂದೆ ಹಾಕಿತು. ಮಾಲೀಕರು ಇನ್ನೊಂದು ಗುಟ್ಟು ಕಂಡುಹಿಡಿದರು: ಕಂಪ್ಯೂಟರಿನ ಒಂದು ಚಿಪ್ ಬದಲಾಯಿಸಿ, ಟರ್ಬೋ ಒತ್ತಡ ಸ್ವಲ್ಪ ಏರಿಸಿ, ರೇಸಿನ ಪೆಟ್ರೋಲ್ ಹಾಕಿದರೆ ಸಾಕು, ಕಾರು ಇನ್ನೂ ಬೇಗ ಓಡುತ್ತದೆ. ಸ್ಪಾನರ್ ಹಿಡಿಯುವ ಕೈಗೆ ಕೋಡ್ ಬರೆಯುವ ಕೈ ಸೇರಿಕೊಂಡಿತು. ನಮ್ಮವರ ಮನೆಗಳಲ್ಲಿ ಈ ಎರಡನೇ ಕೈಗೆ ಬರವಿಲ್ಲ, ಮೊದಲನೆಯದು ಮಾತ್ರ ಸ್ವಲ್ಪ ಅಪರೂಪ.

ಈಗ ಕಥೆಯ ಇನ್ನೊಂದು ಎಳೆ. ಎಂಬತ್ತರ ದಶಕದಲ್ಲಿ ಜಪಾನಿನ ಸಣ್ಣ ಕಾರುಗಳು ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾದವು, ಡೆಟ್ರಾಯಿಟ್‌ನ ಕಾರ್ಖಾನೆಗಳಲ್ಲಿ ಕೆಲಸ ಹೋದವು. ಸಿಟ್ಟು ಕಾರಿನ ಮೇಲಷ್ಟೇ ನಿಲ್ಲಲಿಲ್ಲ. 1982ರ ಜೂನ್‌ನಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಚೀನೀ ಅಮೆರಿಕನ್ ಯುವಕನನ್ನು ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಒಬ್ಬ ಕಾರು ಕಾರ್ಖಾನೆಯ ಮೇಲ್ವಿಚಾರಕ, ಇನ್ನೊಬ್ಬ ಅಂಥದೇ ಕೆಲಸ ಕಳೆದುಕೊಂಡವನು. ನ್ಯಾಯಾಲಯ ಕೊಟ್ಟ ಶಿಕ್ಷೆ ಪ್ರೊಬೇಷನ್ ಮತ್ತು 3000 ಡಾಲರ್ ದಂಡ; ಒಂದು ದಿನವೂ ಜೈಲಿಲ್ಲ. ಚಿನ್ ಜಪಾನಿಯನಲ್ಲ; ಕಾರಿನ ಬಿಡಿಭಾಗಗಳ ಉದ್ಯಮದಲ್ಲೇ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ದಶಕದ ಕೊನೆಯಲ್ಲಿ ಏಷ್ಯಾದ ಮುಖವಿದ್ದ ಒಬ್ಬ ಹುಡುಗ ಅಪ್ಪ ಅಮ್ಮ ಓಡಿಸಿ ಬಿಟ್ಟ ಹೋಂಡಾ ಸಿವಿಕ್ ತೆಗೆದುಕೊಂಡು ವಿ8ಗಳು ಸಾಲಾಗಿ ನಿಂತ ಕಣಕ್ಕೆ ಹೋದರೆ, ಅದು ಬರೀ ಎಂಜಿನ್ನಿನ ವಿಷಯವಾಗಿರಲಿಲ್ಲ. ಅಂಥ ಕಾರಿಗೆ ‘ರೈಸ್ ಬರ್ನರ್’ ಅಂತ ಹೆಸರಿತ್ತು, ಅನ್ನ ಉರಿಸುವ ಗಾಡಿ. ಮೂರು ಹೊತ್ತೂ ಅನ್ನ ಉಣ್ಣುವ ನಮ್ಮ ಕಿವಿಗೆ ಇದು ಬೈಗುಳ ಅನ್ನಿಸುವುದೇ ಕಷ್ಟ. ಆದರೆ ಹೇಳುವವನ ದನಿ ಕೇಳಬೇಕು.

1990ರಲ್ಲಿ ಫ್ರ್ಯಾಂಕ್ ಚೋಯ್ ಎಂಬ ಕೊರಿಯನ್ ಅಮೆರಿಕನ್ ಯುವಕ, ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮರುಭೂಮಿಯಲ್ಲಿರುವ ಪಾಮ್‌ಡೇಲ್‌ನ ಕಣದಲ್ಲಿ ಈ ಕಾರುಗಳಿಗೇ ಒಂದು ದಿನ ಏರ್ಪಡಿಸಿದ. ಹೆಸರು ‘ಬ್ಯಾಟಲ್ ಆಫ್ ದಿ ಇಂಪೋರ್ಟ್ಸ್’. ಜಪಾನೀ, ಚೀನೀ, ಕೊರಿಯನ್, ಫಿಲಿಪಿನೋ, ವಿಯೆಟ್ನಾಮೀ, ಮೆಕ್ಸಿಕನ್ ಮನೆಗಳ ಮಕ್ಕಳು ಬಂದರು. ಮನೆಯಲ್ಲಿ ಬೇರೆ ಬೇರೆ ಭಾಷೆ, ಕಣದಲ್ಲಿ ಒಂದೇ. 1950ರ ಬಿಳಿಯ ಹುಡುಗರಿಗೆ ಸಾಂಟಾ ಆನಾ ಏನಾಗಿತ್ತೋ, ಇವರಿಗೆ ಪಾಮ್‌ಡೇಲ್ ಅದಾಯಿತು. ನಿಮಗೆ ಸ್ವಂತದ್ದೊಂದು ಜಾಗ ಇಲ್ಲದಿದ್ದರೆ ಒಂದು ದಿನದ ಬಾಡಿಗೆಗೆ ಹಿಡಿಯಿರಿ ಅನ್ನುವ ಉಪಾಯ ನನಗೆ ಬಹಳ ಇಷ್ಟ. ನಮ್ಮ ಕನ್ನಡ ಸಂಘಗಳೂ ಶಾಲೆಯ ಸಭಾಂಗಣ ಬಾಡಿಗೆ ಹಿಡಿದೇ ರಾಜ್ಯೋತ್ಸವ ಮಾಡಿದ್ದು.

ಅಲ್ಲಿಗೆ ಬಂದ ಹೋಂಡಾಗಳಿಗೆ ಟರ್ಬೋವನ್ನು ಹೊರಗಿನಿಂದ ಕೂಡಿಸಬೇಕಿತ್ತು. ಅದೇ ಹೊತ್ತಿಗೆ ಕಾರ್ಖಾನೆಯಿಂದಲೇ ಟರ್ಬೋ ಇಟ್ಟುಕೊಂಡು ಬಂದದ್ದು ಮಿತ್ಸುಬಿಶಿ ಎಕ್ಲಿಪ್ಸ್, ಅದರ ಸೋದರಿಯರಾದ ಈಗಲ್ ಟ್ಯಾಲನ್ ಮತ್ತು ಪ್ಲಿಮತ್ ಲೇಸರ್. ಮಿತ್ಸುಬಿಶಿ ಮತ್ತು ಕ್ರೈಸ್ಲರ್ ಸೇರಿ ಕಟ್ಟಿದ ಡೈಮಂಡ್ ಸ್ಟಾರ್ ಕಾರ್ಖಾನೆ ಇದ್ದದ್ದು ಇಲಿನಾಯ್‌ನ ನಾರ್ಮಲ್ ಎಂಬ ಊರಿನಲ್ಲಿ. ‘ಇಂಪೋರ್ಟ್’ ಅಂತ ಬೈಸಿಕೊಂಡ ಕಾರು ಹುಟ್ಟಿದ್ದು ಅಮೆರಿಕದ ಜೋಳದ ಹೊಲಗಳ ನಡುವೆ. ನಿಮ್ಮಲ್ಲಿ ಬಹಳ ಜನರ ಕಥೆಯೂ ಹಾಗೇ.

ಆ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎರಡು ಲೀಟರ್, ನಾಲ್ಕು ಸಿಲಿಂಡರ್, 4ಜಿ63 ಎಂಬ ಎಂಜಿನ್, ಎರಕದ ಕಬ್ಬಿಣದ ಗಟ್ಟಿ ಬ್ಲಾಕ್. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 1990ರ ಮಾದರಿಗೆ 195 ಅಶ್ವಶಕ್ತಿ, ಕಾಲು ಮೈಲಿಗೆ ಸುಮಾರು 15 ಸೆಕೆಂಡು. ಹದಿನೈದರಿಂದ ಹತ್ತಕ್ಕೆ ಬರಬೇಕು. ಸಮಯದಲ್ಲಿ ಮೂರನೇ ಒಂದು ಪಾಲು ಕಡಿಮೆಯಾಗಬೇಕಾದರೆ ಶಕ್ತಿ ಒಂದೂವರೆ ಪಾಲು ಆದರೆ ಸಾಕು ಅಂತ ಅನ್ನಿಸುತ್ತದೆ. ಸಾಲದು. ಅನುಭವದ ಲೆಕ್ಕದಲ್ಲಿ ಸಮಯ ಇಳಿಯುವುದು ಶಕ್ತಿಯ ಘನಮೂಲಕ್ಕೆ ತಕ್ಕಂತೆ. ಒಂದೂವರೆಯನ್ನು ಮೂರು ಸಲ ಗುಣಿಸಿ ನೋಡಿ: 3.375. ತೂಕ ಅಷ್ಟೇ ಇದ್ದರೆ 12 ಸೆಕೆಂಡಿಗೆ ಸುಮಾರು 380 ಅಶ್ವಶಕ್ತಿ, 10.9ಕ್ಕೆ 500ರ ಮೇಲೆ, 10.0ಕ್ಕೆ 650ರ ಮೇಲೆ. ಮೊದಲ ಸೆಕೆಂಡು ಅಗ್ಗ, ಕೊನೆಯ ಸೆಕೆಂಡು ಮನೆ ಮಾರಿಸುವಂಥದ್ದು.

ಮೊದಲ ಹೆಜ್ಜೆ ನಿಜವಾಗಿ ಅಗ್ಗವಾಗಿತ್ತು. ಕಾರ್ಖಾನೆ ಇಟ್ಟ ಒತ್ತಡ ಸುಮಾರು 11 ಪೌಂಡ್. ಒತ್ತಡ ಅಷ್ಟಕ್ಕೆ ಬಂದಾಗ ಒಂದು ಸಣ್ಣ ರಬ್ಬರ್ ಕೊಳವೆ ಆ ಸುದ್ದಿಯನ್ನು ಒಯ್ದು, ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ತೆರೆಸುತ್ತದೆ. ಹುಡುಗರು ಮೀನಿನ ತೊಟ್ಟಿಯ ಸಾಮಾನು ಮಾರುವ ಅಂಗಡಿಯಿಂದ ಒಂದು ಪುಟ್ಟ ಹಿತ್ತಾಳೆ ವಾಲ್ವ್ ತಂದು ಆ ಕೊಳವೆಯ ನಡುವೆ ಸಿಕ್ಕಿಸಿದರು. ಸುದ್ದಿಯ ಒಂದು ಪಾಲು ಸೋರಿಹೋಗುತ್ತದೆ, ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ. ಕೆಲವೇ ಡಾಲರಿನ ಸಾಮಾನು.

ಆದರೆ ಅಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಬೇಕಲ್ಲ. ಗಾಳಿ ಮಿತಿ ಮೀರಿದ್ದು ಕಂಡ ತಕ್ಷಣ ಕಾರಿನ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತಿತ್ತು. ಹಾಗಾಗಿ ದೊಡ್ಡ ಪಂಪು, ದೊಡ್ಡ ಇಂಜೆಕ್ಟರ್, ಗಾಳಿಯ ಸೆನ್ಸರ್ ಕಳಿಸುವ ಸಂಕೇತವನ್ನು ತಿದ್ದಿ ಕಂಪ್ಯೂಟರಿಗೆ ಸುಳ್ಳು ಹೇಳುವ ಒಂದು ಪುಟ್ಟ ಪೆಟ್ಟಿಗೆ. ಗಾಳಿ ಕಾಯುತ್ತದೆ, ಅದಕ್ಕೆ ಬಂಪರಿನ ಹಿಂದೆ ದೊಡ್ಡ ಇಂಟರ್‌ಕೂಲರ್. ಹೊಗೆ ಸಲೀಸಾಗಿ ಹೋಗಲು ಮೂರು ಅಂಗುಲದ ಪೈಪು. ಕಾರ್ಖಾನೆಯ 14ಬಿ ಟರ್ಬೋ ಉಸಿರು ಕಟ್ಟಿತು, 16ಜಿ ಬಂತು, ಅದೂ ಸಾಲದೆ 20ಜಿ. ದೊಡ್ಡ ಟರ್ಬೋ ಎದ್ದೇಳುವುದು ನಿಧಾನ, ದೊಡ್ಡ ಮನೆಯ ಸೊಸೆಯನ್ನು ಎಬ್ಬಿಸಿದ ಹಾಗೆ ಅಂತ ನಮ್ಮ ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದರೇನೋ. ಹಸಿರು ದೀಪ ಬೀಳುವ ಮೊದಲೇ ಎಂಜಿನ್ ಕಿರುಚಿಸಿ ಒತ್ತಡ ಕಟ್ಟಿಕೊಂಡು ನಿಲ್ಲಬೇಕು.

ಆಮೇಲೆ ಕ್ಲಚ್ ಬಿಡಬೇಕು. ಮುರಿಯುವುದು ಆಗಲೇ. ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಕಾರಿನಲ್ಲಿ ಟೈರು ಜಾರಿ ಮಿಕ್ಕ ಭಾಗಗಳನ್ನು ಕಾಪಾಡುತ್ತದೆ. ನಾಲ್ಕೂ ಚಕ್ರ ನೆಲ ಕಚ್ಚಿದರೆ ಆ ಏಟನ್ನು ಕ್ಲಚ್ಚೋ, ಗೇರಿನ ಹಲ್ಲೋ, ಹಿಂದಿನ ಆಕ್ಸಲ್ಲೋ ತಿನ್ನಲೇಬೇಕು. ಕ್ಲಚ್ ಗಟ್ಟಿ ಮಾಡಿದರೆ ಗೇರ್‌ಬಾಕ್ಸ್ ಹೋಗುತ್ತದೆ, ಗೇರ್‌ಬಾಕ್ಸ್ ಗಟ್ಟಿ ಮಾಡಿದರೆ ಹಿಂದಿನದು ಹೋಗುತ್ತದೆ. ಹಾಗಂತ ಮೆಲ್ಲಗೆ ಹೊರಡುವಂತೆಯೂ ಇಲ್ಲ; ಮೊದಲ 60 ಅಡಿಯಲ್ಲಿ ಕಳೆದುಕೊಂಡ ಸೆಕೆಂಡಿನ ಹತ್ತನೇ ಒಂದು ಭಾಗ ಕೊನೆಗೆ ಒಂದೂವರೆ, ಎರಡು ಪಟ್ಟಾಗಿ ಕಾಣಿಸುತ್ತದೆ. ಅಷ್ಟರಲ್ಲಿ ಎಂಜಿನ್ನಿನ ಒಳಗೂ ಕೈ ಹಾಕಬೇಕಾಗುತ್ತದೆ: ಬಡಿದು ತಯಾರಿಸಿದ ಗಟ್ಟಿ ಪಿಸ್ಟನ್, ಗಟ್ಟಿ ಕನೆಕ್ಟಿಂಗ್ ರಾಡ್, ತಲೆಯನ್ನು ಬಿಗಿಹಿಡಿಯುವ ಬಲವಾದ ಸ್ಟಡ್‌ಗಳು. 1995ರ ನಂತರದ ಎಕ್ಲಿಪ್ಸ್‌ಗಳ ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ತನ್ನ ಜಾಗದಿಂದ ಹಿಂದೆ ಮುಂದೆ ಸರಿಯುವ ಕಾಯಿಲೆಯೂ ಇತ್ತು. ‘ಕ್ರ್ಯಾಂಕ್‌ವಾಕ್’ ಎಂಬ ಪದ ಕೇಳಿದರೆ ಈಗಲೂ ಆ ಕಾಲದ ಮಾಲೀಕರ ಮುಖ ಬಾಡುತ್ತದೆ. ತೊಂಬತ್ತರ ದಶಕದ ಕೊನೆಗೆ ಪಾಮ್ ಪೈಲಟ್ ಎಂಬ ಅಂಗೈಯಗಲದ ಯಂತ್ರವನ್ನು ಕಾರಿಗೆ ಜೋಡಿಸಿ, ಓಟದ ಉದ್ದಕ್ಕೂ ನಾಕಿಂಗ್ ಎಷ್ಟಿತ್ತು ಅಂತ ಬರೆದುಕೊಂಡು ರಾತ್ರಿ ಕೂತು ಓದುವ ಹುಡುಗರಿದ್ದರು. ಪರೀಕ್ಷೆಗೆ ಅಷ್ಟು ಓದಿದ್ದರೆ ಅಂತ ಅವರ ಅಮ್ಮಂದಿರು ಹಲುಬಿರಬೇಕು.

ಸಿನಿಮಾದ ಸುಪ್ರಾ ಈ ವಿಷಯದಲ್ಲಿ ಅದೃಷ್ಟವಂತ. 1993ರಿಂದ 1998ರವರೆಗೆ ಅಮೆರಿಕದಲ್ಲಿ ಮಾರಿದ ಟರ್ಬೋ ಸುಪ್ರಾದ 2ಜೆಝಡ್ ಎಂಜಿನ್ನಿಗೆ 320 ಅಶ್ವಶಕ್ತಿ. ಒಳಗಿನ ಭಾಗಗಳು ಅದರ ಎರಡರಷ್ಟನ್ನು ತಡೆಯುತ್ತಿದ್ದವು. ಎರಡು ಸಣ್ಣ ಟರ್ಬೋ ತೆಗೆದು ಒಂದು ದೊಡ್ಡದು ಇಟ್ಟರೆ ಹತ್ತು ಸೆಕೆಂಡು ಕೈಗೆಟುಕುತ್ತಿತ್ತು. ಅದರ ಬೆಲೆ ಮಾತ್ರ ವಿದ್ಯಾರ್ಥಿಯ ಕೈಗೆ ಎಟುಕುತ್ತಿರಲಿಲ್ಲ.

ಇನ್ನು ಸಿನಿಮಾ. 1998ರಲ್ಲಿ ‘ವೈಬ್’ ಪತ್ರಿಕೆಯಲ್ಲಿ ಕೆನ್ ಲೀ ಬರೆದ ‘ರೇಸರ್ ಎಕ್ಸ್’ ಎಂಬ ಲೇಖನ ಅದರ ಮೂಲ. ಅದು ನ್ಯೂಯಾರ್ಕಿನ ಬೀದಿ ಓಟದ ಬಗ್ಗೆ, ರಫಾಯೆಲ್ ಎಸ್ಟೆವೆಜ್ ಎಂಬ ಡೊಮಿನಿಕನ್ ಮೂಲದ ಓಟಗಾರನ ಬಗ್ಗೆ. ಸಿನಿಮಾ ಅದನ್ನು ಲಾಸ್ ಏಂಜಲೀಸ್‌ಗೆ ಒಯ್ದಿತು. ಆ ಊರಿನಲ್ಲಿ ಈ ಓಟವನ್ನು ಕಟ್ಟಿದ್ದು ಏಷ್ಯನ್ ಅಮೆರಿಕನ್ ಮಕ್ಕಳು. ತೆರೆಯ ಮೇಲೆ ಅವರಿಗೆ ಸಿಕ್ಕ ದೊಡ್ಡ ಪಾತ್ರ ಜಾನಿ ಟ್ರಾನ್, ಖಳನಾಯಕ; ನಾಯಕನ ಕಾರಿಗೆ ಗುಂಡು ಹೊಡೆದು ಸುಡುವವನು. ಸಿನಿಮಾ ಚೆನ್ನಾಗಿದೆ, ನಾನೂ ಎರಡು ಸಲ ನೋಡಿದ್ದೇನೆ. ಆದರೆ ಪಾಮ್‌ಡೇಲ್‌ನ ಬಿಸಿಲಿನಲ್ಲಿ ಹತ್ತು ವರ್ಷ ಗ್ರೀಸ್ ಮೆತ್ತಿಕೊಂಡವರಿಗೆ ಆ ಸಾಲ ತೀರಲಿಲ್ಲ ಅಂತ ನನ್ನ ಅಭಿಪ್ರಾಯ.

ಸಿನಿಮಾದ ಬಿಸಿಯಲ್ಲಿ ಎನ್‌ಎಚ್‌ಆರ್‌ಎ ಕೂಡ 2001ರಲ್ಲಿ ಈ ಕಾರುಗಳಿಗೆ ಪ್ರತ್ಯೇಕ ಸರಣಿ ಶುರು ಮಾಡಿತು. 2007ರವರೆಗೆ ನಡೆಸಿ ನಿಲ್ಲಿಸಿತು. ಪಾಮ್‌ಡೇಲ್‌ನ ಕಣ ಮುಚ್ಚಿದ್ದೂ 2007ರಲ್ಲೇ. ನ್ಯೂಜೆರ್ಸಿಯವರಿಗೆ ಗೊತ್ತಿರುವ ಇಂಗ್ಲಿಷ್‌ಟೌನ್ ಕಣದಲ್ಲಿ ಡ್ರ್ಯಾಗ್ ಓಟ 2018ರಲ್ಲಿ ನಿಂತಿತು. ಕಣ ಮುಚ್ಚಿದ ಮಾತ್ರಕ್ಕೆ ಓಡಿಸುವವರ ಕಾಲು ಸುಮ್ಮನಿರುವುದಿಲ್ಲ, ಬೀದಿಗೇ ವಾಪಸು. ಬೀದಿಯಲ್ಲಿ ಸಾಯುವವರು ಓಟಗಾರರಷ್ಟೇ ಅಲ್ಲ. ಪಕ್ಕದ ಗಲ್ಲಿಯಿಂದ ಬಂದ ಯಾರದೋ ಅಪ್ಪ, ಅಮ್ಮ. ಸ್ಯಾನ್ ಡಿಯೇಗೋದಲ್ಲಿ ಇದನ್ನು ರೋಗ ಹರಡುವಿಕೆಯ ಹಾಗೆ ನೋಡಿದ ಒಬ್ಬ ಸಾರ್ವಜನಿಕ ಆರೋಗ್ಯದ ಪ್ರಾಧ್ಯಾಪಕರು ತೊಂಬತ್ತರ ಕೊನೆಯಲ್ಲಿ ‘ರೇಸ್‌ಲೀಗಲ್’ ಶುರು ಮಾಡಿದರು. ಫುಟ್‌ಬಾಲ್ ಕ್ರೀಡಾಂಗಣದ ಪಾರ್ಕಿಂಗ್ ಜಾಗ, ಅರ್ಧ ದೂರ, ಮೈಲಿಯ ಎಂಟನೇ ಒಂದು ಭಾಗ. 1953ರ ಪೊಮೋನಾ ಮತ್ತೆ ಬಂದಂತೆ.

ಕಾನೂನಿನ ಇನ್ನೊಂದು ಮುಖವೂ ಇದೆ. ರಸ್ತೆಯ ಕಾರಿನಿಂದ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತರೆ ಅದು ಕೇಂದ್ರ ಸರ್ಕಾರದ ಕಾನೂನಿಗೇ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಗೆ ಸಂಬಂಧಪಟ್ಟ ಭಾಗ ಬದಲಾಯಿಸಿದರೆ ಅದಕ್ಕೆ ರಾಜ್ಯ ಕೊಟ್ಟ ಅನುಮೋದನೆಯ ಸಂಖ್ಯೆ ಇರಬೇಕು. ಹೀಗಾಗಿ ಅಂಥ ಬಹಳ ಕಾರುಗಳು ಇವತ್ತು ಟ್ರೇಲರ್ ಮೇಲೆ ಕಣಕ್ಕೆ ಬರುತ್ತವೆ.

ಸಿನಿಮಾದ ಆ ಕಿತ್ತಳೆ ಸುಪ್ರಾವನ್ನು ನಿಜವಾದ ಕಣಕ್ಕೆ ಒಯ್ದಿದ್ದರೆ? ಆ ಕಾಲದ ಕಾರುಗಳಿಗೆ ಎನ್‌ಎಚ್‌ಆರ್‌ಎ ನಿಯಮ ಹೀಗೆ: 13.99ಕ್ಕೆ ಇಳಿದರೆ ಹೆಲ್ಮೆಟ್, 11.49ಕ್ಕೆ ಇಳಿದರೆ ತಲೆಯ ಹಿಂದೆ ಉಕ್ಕಿನ ರೋಲ್ ಬಾರ್, 9.99ಕ್ಕೆ ಇಳಿದರೆ ಓಡಿಸುವವರಿಗೆ ಪ್ರತ್ಯೇಕ ಸ್ಪರ್ಧಾ ಲೈಸೆನ್ಸ್. ಬರಿದಲೆಯಲ್ಲಿ ಬಂದ ಹತ್ತು ಸೆಕೆಂಡಿನ ನಾಯಕನನ್ನು ಮೊದಲ ಓಟದ ಚೀಟಿ ನೋಡಿದ ಕೂಡಲೇ ಮನೆಗೆ ಕಳಿಸುತ್ತಿದ್ದರು.

ನಿಮ್ಮ ಊರಿನ ಹತ್ತಿರ ಕಣ ಇದ್ದರೆ ‘ಟೆಸ್ಟ್ ಅಂಡ್ ಟ್ಯೂನ್’ ರಾತ್ರಿಗಳು ಇರುತ್ತವೆ. ಡ್ರೈವಿಂಗ್ ಲೈಸೆನ್ಸ್, ಉದ್ದ ಪ್ಯಾಂಟು, ಸೋರದ ರೇಡಿಯೇಟರ್ ಇದ್ದರೆ ಅಮ್ಮನ ಮಿನಿವ್ಯಾನನ್ನೂ ಓಡಿಸಬಹುದು; ಅಮ್ಮನನ್ನು ಕೇಳಿಕೊಂಡು ಹೋಗಿ. ಹೊರಗೆ ಬರುವಾಗ ಒಂದು ಪುಟ್ಟ ಗೂಡಿನಿಂದ ಚೀಟಿ ಕೊಡುತ್ತಾರೆ. ಎಲ್ಲರೂ ಕೊನೆಯ ಸಾಲು ನೋಡುತ್ತಾರೆ. ನೀವು ಮೊದಲು 60 ಅಡಿಯ ಸಾಲು ನೋಡಿ.